ಪುಣೆಯಲ್ಲಿ ಪಿಸ್ತೂಲಿನ ಪರವಾನಗಿ: ಅರ್ಜಿಯಿಂದ ಸೊಂಟದ ಪಟ್ಟಿಯವರೆಗೆ

ನನ್ನ ಲೈಸೆನ್ಸಿನಲ್ಲಿ ಪಿಸ್ತೂಲಿನ ನಂಬರು ದಾಖಲಾಗಿ ಕೊನೆಯ ಸಹಿ ಬಿದ್ದದ್ದು ಹೋದ ವಾರ. ಅರ್ಜಿ ಹಾಕಿದ್ದು 2025ರ ಮಳೆಗಾಲಕ್ಕೆ ಮೊದಲು. ಈ ನಡುವೆ ಯಾರನ್ನು ಕೇಳಿದರೂ ಅರ್ಧ ಉತ್ತರವೇ ಸಿಗುತ್ತಿತ್ತು. ಉಳಿದರ್ಧ ಮುಂದಿನ ಬಾಗಿಲಿಗೆ ಹೋದ ಮೇಲೆಯೇ ತಿಳಿಯುತ್ತಿತ್ತು. ಪುಣೆ, ಮುಂಬೈ ಕಡೆ ಬಂಗಾರವನ್ನೋ ನಗದನ್ನೋ ಹಿಡಿದು ಓಡಾಡುವ ಉದ್ಯೋಗದಲ್ಲಿರುವ ಕನ್ನಡಿಗರು ಸಾಕಷ್ಟು ಜನ ಇದ್ದಾರೆ. ಅವರಲ್ಲಿ ಯಾರಾದರೂ ಇದೇ ದಾರಿ ಹಿಡಿದರೆ ಪೂರ್ತಿ ಉತ್ತರ ಒಂದೇ ಕಡೆ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಶಿರಸಿ ಸೀಮೆ. ರವಿವಾರ ಪೇಠೆಯಲ್ಲಿ ಚಿನ್ನದ ಕೆಲಸದ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದೇನೆ. ಮೊದಲು ಕೆಲಸ ಮುಗಿದ ಒಡವೆಯನ್ನು ಅಂಗಡಿಯವರೇ ಬಂದು ಒಯ್ಯುತ್ತಿದ್ದರು. 2021ರ ಜೂನ್ 16ರಿಂದ ಹಾಲ್‌ಮಾರ್ಕ್ ಕಡ್ಡಾಯವಾಗಿ, ಆಮೇಲೆ ಪ್ರತಿ ಒಡವೆಗೂ ಆರಕ್ಷರದ ಗುರುತು ಬೀಳಲೇಬೇಕೆಂದಾದ ಮೇಲೆ, ಮಾಲು ಕಾರ್ಖಾನೆಯಿಂದ ಪರೀಕ್ಷಾ ಕೇಂದ್ರಕ್ಕೆ, ಅಲ್ಲಿಂದ ಮತ್ತೆ ನಮ್ಮಲ್ಲಿಗೆ, ನಮ್ಮಿಂದ ಲಕ್ಷ್ಮಿ ರಸ್ತೆಗೋ ಚಿಂಚವಾಡಕ್ಕೋ ಹೀಗೆ ಬೀದಿಯಲ್ಲಿ ಓಡಾಡುವುದು ಹೆಚ್ಚಾಯಿತು. ಕಾಯಿದೆ ಒಳ್ಳೆಯದೇ, ಗಿರಾಕಿಗೆ ಮೋಸವಾಗುವುದು ತಪ್ಪಿತು. ಆದರೆ ಚೀಲ ಹಿಡಿದು ನಡೆಯುವವನ ಅಪಾಯ ಯಾರ ಲೆಕ್ಕಕ್ಕೂ ಬರಲಿಲ್ಲ. ನಮ್ಮ ಓಣಿಯ ಇನ್ನೊಬ್ಬ ಕುಶಲಕರ್ಮಿಯ ಚೀಲವನ್ನು ಹಾಡುಹಗಲೇ ಕಿತ್ತರು. ಅದಾದ ಕೆಲವು ತಿಂಗಳಿಗೆ ಇಬ್ಬರು ನನ್ನ ಸ್ಕೂಟರನ್ನು ಬಹಳ ದೂರ ಹಿಂಬಾಲಿಸಿದರು. ನಾನು ನೇರವಾಗಿ ಠಾಣೆಯ ಆವರಣಕ್ಕೇ ಗಾಡಿ ನುಗ್ಗಿಸಿ ದೂರು ಬರೆಸಿದೆ. ಆ ದೂರಿನ ಪ್ರತಿಯೇ ಮುಂದೆ ನನ್ನ ಕಡತದ ಅತಿ ಮುಖ್ಯ ಕಾಗದವಾಯಿತು.

ಬಂದೂಕು ನಮ್ಮ ಮನೆಗೆ ಹೊಸತೇನಲ್ಲ. ಊರಿನಲ್ಲಿ ಅಪ್ಪನ ಹೆಸರಿನಲ್ಲಿ ಬೆಳೆ ರಕ್ಷಣೆಯ ಕೋವಿ ಇತ್ತು; ಅಡಕೆ ತೋಟಕ್ಕೆ ಬರುವ ಮಂಗನನ್ನು ಬೆದರಿಸುವುದಕ್ಕಿಂತ ಹೆಚ್ಚಾಗಿ ಅದು ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ ಬರುವುದಕ್ಕೇ ಬಳಕೆಯಾಗುತ್ತಿತ್ತು. ಕೊಡವ ಗೆಳೆಯನೊಬ್ಬ, ತಮ್ಮವರಿಗೆ ಕಾಯಿದೆಯಡಿ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇರುವುದನ್ನು ನೆನಪಿಸಿ, ‘ನೀನು ಮಡಿಕೇರಿಯಲ್ಲಿ ಹುಟ್ಟಬೇಕಿತ್ತು’ ಎಂದು ನಕ್ಕ. ಆದರೆ ತೋಟದ ಕೋವಿಗೂ ನಗರದಲ್ಲಿ ಮೈಮೇಲೆ ಧರಿಸುವ ಪಿಸ್ತೂಲಿಗೂ ಸರ್ಕಾರದ ದೃಷ್ಟಿಯಲ್ಲಿ ಅಜಗಜಾಂತರವಿದೆ.

ಪುಣೆ ನಗರದಲ್ಲಿ ಪರವಾನಗಿ ನೀಡುವ ಅಧಿಕಾರ ಪೊಲೀಸ್ ಆಯುಕ್ತರದ್ದು. 2018ರಿಂದ ಪಿಂಪ್ರಿ-ಚಿಂಚವಾಡಕ್ಕೆ ಬೇರೆಯೇ ಆಯುಕ್ತಾಲಯವಿರುವುದರಿಂದ ಮನೆ ಯಾವ ಗಡಿಯೊಳಗಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಆಯುಕ್ತಾಲಯಗಳ ಹೊರಗಿನ ಗ್ರಾಮೀಣ ಭಾಗಕ್ಕೆ ಜಿಲ್ಲಾಧಿಕಾರಿಯೇ ಅಧಿಕಾರಿ. ಅರ್ಜಿಯ ನಮೂನೆ ಎ-1; ಕೇಂದ್ರ ಗೃಹ ಇಲಾಖೆಯ ಜಾಲತಾಣದಲ್ಲಿ ಅದನ್ನು ತುಂಬಿ, ಮುದ್ರಿಸಿ, ದಾಖಲೆಗಳೊಡನೆ ಸಲ್ಲಿಸಬೇಕು. ಅದರಲ್ಲಿ ‘ಆಯುಧ ಏಕೆ ಬೇಕು’ ಎಂಬ ಕಾಲಮಿಗೆ ಎಲ್ಲರೂ ‘ಆತ್ಮರಕ್ಷಣೆಗಾಗಿ’ ಎಂದು ಒಂದೇ ಮಾತು ಬರೆದು ಮುಂದೆ ಹೋಗುತ್ತಾರೆ. ಅಷ್ಟು ಸಾಲದು. 2016ರ ಶಸ್ತ್ರಾಸ್ತ್ರ ನಿಯಮಗಳ 12ನೆಯ ನಿಯಮ ಉದ್ಯೋಗದ ಸ್ವರೂಪದಿಂದಲೇ ಜೀವಕ್ಕೆ ಗಂಭೀರ ಅಪಾಯವಿರುವವರನ್ನು ಪ್ರತ್ಯೇಕವಾಗಿ ಪರಿಗಣಿಸುತ್ತದೆ. ಆದ್ದರಿಂದ ನಾನು ಬೇರೆ ಹಾಳೆಯಲ್ಲಿ, ಏನು ಒಯ್ಯುತ್ತೇನೆ, ಯಾವ ರಸ್ತೆಯಲ್ಲಿ ಒಯ್ಯುತ್ತೇನೆ, ಈ ಹಿಂದೆ ಏನಾಯಿತು, ಕಾವಲುಗಾರನನ್ನು ಇಟ್ಟುಕೊಳ್ಳಲು ಏಕೆ ಆಗುವುದಿಲ್ಲ ಎಂಬುದನ್ನೆಲ್ಲ ಬರೆದು, ದೂರಿನ ಪ್ರತಿ, ಜಿಎಸ್‌ಟಿ ನೋಂದಣಿ, ಮೂರು ವರ್ಷದ ಆದಾಯ ತೆರಿಗೆ ವಿವರ, ಹಾಲ್‌ಮಾರ್ಕ್ ಕೇಂದ್ರದ ರಸೀದಿಗಳ ಕಟ್ಟು ಇವುಗಳನ್ನು ಲಗತ್ತಿಸಿದೆ. ಪ್ರತಿ ಹಂತದ ಅಧಿಕಾರಿಯೂ ಮೊದಲು ತೆರೆದು ಓದಿದ್ದು ಆ ಹಾಳೆಯನ್ನೇ.

ಉಳಿದ ದಾಖಲೆಗಳಲ್ಲಿ ವಯಸ್ಸು, ಗುರುತು, ವಿಳಾಸದ ಪುರಾವೆ, ಭಾವಚಿತ್ರಗಳು, ಮನೆಯಲ್ಲಿ ಸುರಕ್ಷಿತವಾಗಿ ಇಡುತ್ತೇನೆಂಬ ಮುಚ್ಚಳಿಕೆ ಇವು ಸಲೀಸು. ತಡೆದು ನಿಲ್ಲಿಸುವುದು ಎಸ್-3 ನಮೂನೆಯ ವೈದ್ಯಕೀಯ ಪ್ರಮಾಣಪತ್ರ. ಅದರಲ್ಲಿ ದೇಹದ ಆರೋಗ್ಯದ ಜೊತೆಗೆ ಮಾನಸಿಕ ಆರೋಗ್ಯವನ್ನೂ, ಮಾದಕ ಪದಾರ್ಥದ ಚಟವಿಲ್ಲ ಎಂಬುದನ್ನೂ ವೈದ್ಯರು ಬರೆದುಕೊಡಬೇಕು. ನನ್ನ ಬಿಪಿ ನೋಡಿಕೊಳ್ಳುವ ವೈದ್ಯರು ‘ನಾಳೆ ಏನಾದರೂ ಆದರೆ ನನ್ನ ಸಹಿ ಕೇಳುತ್ತಾರೆ’ ಎಂದು ನೇರವಾಗಿಯೇ ನಿರಾಕರಿಸಿಬಿಟ್ಟರು. ಅವರ ಅಳುಕು ನನಗೆ ಅರ್ಥವಾಯಿತು, ಬೇಸರವೂ ಆಯಿತು. ಕೊನೆಗೆ ಮನೋವೈದ್ಯರೊಬ್ಬರು ಎದುರು ಕೂರಿಸಿಕೊಂಡು ನಿದ್ದೆ, ಸಿಟ್ಟು, ಸಾಲ, ಹೆಂಡತಿಯೊಡನೆ ಜಗಳ ಎಲ್ಲವನ್ನೂ ಕೇಳಿ, ಮತ್ತೊಮ್ಮೆ ಬರಹೇಳಿ, ಆಮೇಲೆ ಬರೆದುಕೊಟ್ಟರು. ಇಡೀ ಪ್ರಕ್ರಿಯೆಯಲ್ಲಿ ನನ್ನನ್ನು ನಿಜವಾಗಿ ಪರೀಕ್ಷಿಸಿದವರು ಅವರೇ ಎಂದು ಈಗಲೂ ಅನ್ನಿಸುತ್ತದೆ.

ಎಸ್-1 ಎಂಬುದು ಸುರಕ್ಷತಾ ತರಬೇತಿಯ ಪ್ರಮಾಣಪತ್ರ. ಮಾನ್ಯತೆಯಿರುವ ರೈಫಲ್ ಕ್ಲಬ್ಬಿನಲ್ಲಿ ಶುಲ್ಕ ಕಟ್ಟಿ ಇದನ್ನು ಪಡೆಯಬೇಕು. ಹಣ ಕೊಟ್ಟರೆ ಕಾಗದ ಸಿಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ, ಏಕೆಂದರೆ ಮುಂದೆ ಆಯುಧವನ್ನು ಆರಿಸುವಾಗ ಕೈಗೆ ಬೇಕಾದ ತಿಳಿವಳಿಕೆ ಬರುವುದು ಇಲ್ಲಿಂದಲೇ. ನಮ್ಮ ತರಬೇತುದಾರರು ನಿವೃತ್ತ ಸೈನಿಕರು. ಗುಂಡು ಹಾರಿಸುವುದಕ್ಕಿಂತ ಹಾರಿಸದಿರುವುದನ್ನೇ ಹೆಚ್ಚು ಹೇಳಿಕೊಟ್ಟರು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕಿಗೆ ಸಂಬಂಧಿಸಿದವು. ಹಕ್ಕು ಇರುವುದು ನಿಜ, ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ ಎಂಬ ಮಿತಿಯೂ ಅಲ್ಲೇ ಇದೆ. ಚೀಲ ಕಿತ್ತು ಬೆನ್ನು ತಿರುಗಿಸಿ ಓಡುತ್ತಿರುವವನ ಮೇಲೆ ಗುಂಡು ಹಾರಿಸಿದರೆ ನ್ಯಾಯಾಲಯದಲ್ಲಿ ನಿಲ್ಲಬೇಕಾದವನು ನಾನು ಎಂಬುದನ್ನು ಅವರು ಬಗೆಬಗೆಯಾಗಿ ಹೇಳಿದರು. ಆ ದಿನ ಮನೆಗೆ ಬರುವಾಗ, ಅರ್ಜಿಯನ್ನು ಹಿಂತೆಗೆದುಕೊಂಡರೆ ಹೇಗೆ ಎಂಬ ಯೋಚನೆಯೂ ಬಂತು.

ನಂತರ ಶುರುವಾದದ್ದು ಪೊಲೀಸ್ ವಿಚಾರಣೆ. ನಿಯಮದ ಪ್ರಕಾರ ಪೊಲೀಸ್ ವರದಿ 30 ದಿನದಲ್ಲಿ ಬರಬೇಕು, ವರದಿ ಬಂದ 60 ದಿನದೊಳಗೆ ಪರವಾನಗಿ ಅಧಿಕಾರಿ ತೀರ್ಮಾನಿಸಬೇಕು. ಕಾಗದದ ಮೇಲಿನ ಈ ಲೆಕ್ಕವನ್ನು ನಂಬಿ ಯಾವ ಯೋಜನೆಯನ್ನೂ ಹಾಕಿಕೊಳ್ಳಬೇಡಿ. ನನ್ನ ಕಾಯಂ ವಿಳಾಸ ಕರ್ನಾಟಕದ್ದು, ವಾಸ ಮಹಾರಾಷ್ಟ್ರದಲ್ಲಿ. ಹೀಗಾಗಿ ಇಲ್ಲಿನ ಠಾಣೆಯ ವರದಿ ಮುಗಿದ ಮೇಲೂ ಊರಿನ ಕಡೆಯಿಂದ ನಡತೆಯ ವರದಿ ಬರಬೇಕಾಯಿತು. ಪತ್ರ ಹೋಯಿತು, ಬಂತು ಎಂಬುದನ್ನು ತಿಳಿಯುವುದಕ್ಕೇ ಶ್ರಾವಣ ಕಳೆಯಿತು. ಊರಿನಲ್ಲಿ ನನ್ನ ತಮ್ಮನೇ ಠಾಣೆಗೆ ಹೋಗಿ, ಪತ್ರದ ಜಾವಕ ಸಂಖ್ಯೆ (ಕಚೇರಿಯಿಂದ ಪತ್ರ ಹೊರಹೋಗುವಾಗ ದಾಖಲಿಸುವ ನಂಬರು) ಹಿಡಿದು ವಿಚಾರಿಸಿದ ಮೇಲೆ ಅದು ಕದಲಿತು. ಹೊರರಾಜ್ಯದಲ್ಲಿ ನೆಲೆಸಿದವರು ಅರ್ಜಿ ಹಾಕಿದ ದಿನವೇ ಇದಕ್ಕೆ ಸಿದ್ಧರಾಗಿ, ಊರಿನಲ್ಲಿ ಒಬ್ಬರಿಗೆ ಜಾವಕ ಸಂಖ್ಯೆ ಮುಟ್ಟಿಸುವ ವ್ಯವಸ್ಥೆ ಮಾಡಿಕೊಳ್ಳುವುದು ಒಳ್ಳೆಯದು. ಇಲ್ಲಿನ ನೆರೆಹೊರೆಯವರನ್ನೂ ವಿಚಾರಿಸಿದರು. ಸೊಸೈಟಿಯ ಲಿಫ್ಟಿನಲ್ಲಿ ಜನ ನನ್ನನ್ನು ನೋಡುವ ನೋಟ ಕೆಲವು ವಾರ ಬದಲಾಗಿತ್ತು.

ಕಾಯುತ್ತಿದ್ದ ಕಾಲದಲ್ಲಿಯೇ ಎರಡು ಹೊಸ ತೊಡಕು ಎದುರಾದವು. 2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲು, ರಿವಾಲ್ವರುಗಳ ಜಿಎಸ್‌ಟಿ ಶೇ. 28ರಿಂದ ಶೇ. 40ಕ್ಕೆ ಏರಿತು. ಲೈಸೆನ್ಸ್ ಕೈಯಲ್ಲಿಲ್ಲದೆ ಮುಂಚಿತವಾಗಿ ಕೊಂಡಿಡುವಂತಿಲ್ಲವಾದ್ದರಿಂದ ಬೆಲೆ ಏರುವುದನ್ನು ಸುಮ್ಮನೆ ನೋಡುವುದಷ್ಟೇ ಉಳಿದದ್ದು. ಇನ್ನೊಂದು, ಮಹಾನಗರಪಾಲಿಕೆಯ ಚುನಾವಣೆ. ನೀತಿ ಸಂಹಿತೆ ಜಾರಿಯಾದ ಮೇಲೆ ಇದ್ದ ಆಯುಧಗಳನ್ನೇ ಠಾಣೆಗೆ ತರಿಸಿಕೊಳ್ಳುವಾಗ ಹೊಸದನ್ನು ಯಾರು ಕೊಟ್ಟಾರು? 2026ರ ಜನವರಿಯಲ್ಲಿ ಮತದಾನ ಮುಗಿದ ಮೇಲೆ ಸಂದರ್ಶನಕ್ಕೆ ಕರೆ ಬಂತು. ಅಧಿಕಾರಿ ಕೇಳಿದ ಪ್ರಶ್ನೆಗಳು ಕಡಿಮೆ. ಮನೆಯಲ್ಲಿ ಮಕ್ಕಳಿದ್ದಾರೆಯೇ, ಎಲ್ಲಿ ಇಡುತ್ತೀರಿ, ಕುಡಿಯುತ್ತೀರಾ, ಯಾರೊಡನೆಯಾದರೂ ಆಸ್ತಿ ವ್ಯಾಜ್ಯವಿದೆಯೇ. ಮರಾಠಿಯಲ್ಲಿ ಉತ್ತರಿಸಿದೆ, ಕಾಗದಗಳ ಭಾಷೆ ಮರಾಠಿಯಾದ್ದರಿಂದ ಇಲ್ಲಿ ಓದಲು ಬರೆಯಲು ಕಲಿತಿದ್ದು ಬಹಳ ಉಪಯೋಗಕ್ಕೆ ಬಂತು.

ಲೈಸೆನ್ಸ್ ಐದು ವರ್ಷದ್ದು. 2019ರ ತಿದ್ದುಪಡಿಗೆ ಮೊದಲು ಅದು ಮೂರು ವರ್ಷವಿತ್ತು. ವ್ಯಾಪ್ತಿ ಮಹಾರಾಷ್ಟ್ರ ಮಾತ್ರ. ಇನ್ನು ಯಾವ ಆಯುಧ ಎಂಬ ಪ್ರಶ್ನೆ.

ಇಲ್ಲಿ ಒಂದು ಭ್ರಮೆಯನ್ನು ಮೊದಲೇ ಬಿಡಿಸಬೇಕು. ಕಾಯುವ ತಿಂಗಳುಗಳಲ್ಲಿ ನಾನೂ ಎಲ್ಲರಂತೆ ಅಮೆರಿಕದ ವಿಡಿಯೊಗಳನ್ನು ನೋಡಿದ್ದೆ. ಗ್ಲಾಕ್ 19, ಸಿಗ್ ಪಿ365 ಎಂದು ಅಲ್ಲಿನವರು ಹೋಲಿಸುವ ಪುಟ್ಟ ಪಿಸ್ತೂಲುಗಳೆಲ್ಲ 9 ಎಂಎಂ. ಅದು ನಮ್ಮಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಕೊಡದ ಕೊಳವೆಯಳತೆ. ಸಾಮಾನ್ಯ ಲೈಸೆನ್ಸುದಾರನಿಗೆ ಕೈಬಂದೂಕೆಂದರೆ ಮುಖ್ಯವಾಗಿ .32, ಇಲ್ಲವೇ .22 (ಕೊಳವೆಯ ಅಳತೆ, ಅಂಗುಲದಲ್ಲಿ). ಅದರಲ್ಲೂ .32 ರಿವಾಲ್ವರಿನ ತೋಟಾ (ಗುಂಡು) ಬೇರೆ, .32 ಪಿಸ್ತೂಲಿನ ತೋಟಾ ಬೇರೆ. ಒಂದನ್ನು ಇನ್ನೊಂದರಲ್ಲಿ ಬಳಸುವಂತಿಲ್ಲ. ಪಿಸ್ತೂಲಿನದನ್ನೇ 7.65 ಎಂಎಂ ಎಂದೂ ಕರೆಯುತ್ತಾರೆ. 1980ರ ದಶಕದ ಮಧ್ಯದಿಂದ ಸಾಮಾನ್ಯ ನಾಗರಿಕರಿಗೆ ಆಮದು ನಿಂತುಹೋಗಿರುವುದರಿಂದ, ವಿದೇಶಿ ಆಯುಧ ಬೇಕೆಂದರೆ ಅದಕ್ಕೂ ಹಿಂದೆ ಬಂದು ಕೈಯಿಂದ ಕೈಗೆ ದಾಟುತ್ತಿರುವ ಹಳೆಯದನ್ನೇ ಕೊಳ್ಳಬೇಕು. ಪುಣೆಯ ಕ್ಯಾಂಪ್ ಪ್ರದೇಶದ ಅಂಗಡಿಯೊಂದರಲ್ಲಿ ಅಂಥ ವಾಲ್ಥರ್ ಪಿಪಿಕೆಯನ್ನು ತೋರಿಸಿದರು. ಅದನ್ನು ಹಿಡಿದಾಗ, ಒಳ್ಳೆಯ ಕೆಲಸಗಾರನ ಕೈ ಹಾದು ಬಂದ ವಸ್ತು ಎಂಬುದು ಅಕ್ಕಸಾಲಿಗನಾದ ನನಗೆ ಕ್ಷಣದಲ್ಲಿ ತಿಳಿಯಿತು. ಬೆಲೆ ಹಲವು ಲಕ್ಷ. ಸ್ಪ್ರಿಂಗೋ ಫೈರಿಂಗ್ ಪಿನ್ನೋ ಮುರಿದರೆ ಬಿಡಿಭಾಗ ಎಲ್ಲಿಂದ ಎಂದು ಕೇಳಿದೆ. ಅಂಗಡಿಯವರು ಪ್ರಾಮಾಣಿಕವಾಗಿ ‘ಸಿಗುವುದಿಲ್ಲ’ ಎಂದು ತಲೆಯಾಡಿಸಿದರು. ದಿನವೂ ಮೈಮೇಲೆ ಇರಬೇಕಾದ ಆಯುಧಕ್ಕೆ ಬಿಡಿಭಾಗ ಸಿಗದಿದ್ದರೆ ಅದು ಸಂಗ್ರಹಯೋಗ್ಯ ವಸ್ತು ಮಾತ್ರ.

ಉಳಿದದ್ದು ದೇಶೀ ತಯಾರಿಕೆ. ಕಾರ್ಖಾನೆಗಳ ಹೆಸರುಗಳ ಬಗ್ಗೆ ಗೊಂದಲವಾಗದಿರಲಿ: ಹಳೆಯ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿ 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ಒಡೆದಿದ್ದು, ಆಯುಧಗಳ ಭಾಗ ಈಗ ಕಾನ್ಪುರದ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಯ ಕೈಯಲ್ಲಿದೆ. ಅವರ ಹಳೆಯ .32 ರಿವಾಲ್ವರು ಬ್ರಿಟಿಷರ ವೆಬ್ಲಿ ಮಾದರಿಯದು, ಮೇಲಿನ ಚಿಲಕ ಬಿಡಿಸಿದರೆ ನಡು ಮುರಿದು ತೆರೆದುಕೊಳ್ಳುತ್ತದೆ. 2014ರ ಜನವರಿಯಲ್ಲಿ ಬಂದ ‘ನಿರ್ಭೀಕ್’ ಅದರ ಹಗುರ ರೂಪ. ಟೈಟೇನಿಯಂ ಮಿಶ್ರಲೋಹ, ತೂಕ ಅರ್ಧ ಕಿಲೋ, ಆಗಿನ ಬೆಲೆ 1,22,360 ರೂಪಾಯಿ. ಮಹಿಳೆಯರನ್ನು ಉದ್ದೇಶಿಸಿ ಮಾಡಿದ್ದರಿಂದ ಅದು ಒಡವೆಯ ಪೆಟ್ಟಿಗೆಯಂಥ ಕೆಂಗಂದು ಬಣ್ಣದ ಪೆಟ್ಟಿಗೆಯಲ್ಲಿ ಬರುತ್ತಿತ್ತಂತೆ. ಇದನ್ನು ಕೇಳಿ ನಮ್ಮ ಕಾರ್ಖಾನೆಯ ಹುಡುಗರು ಬಹಳ ಹೊತ್ತು ನಕ್ಕರು. 2023ರ ಆಗಸ್ಟಿನಲ್ಲಿ ಬಂದ ‘ಪ್ರಬಲ್’ ರಿವಾಲ್ವರಿನ ಸಿಲಿಂಡರು (ಗುಂಡು ತುಂಬುವ, ತಿರುಗುವ ಉರುಳೆ) ಪಕ್ಕಕ್ಕೆ ಹೊರಳಿ ತೆರೆದುಕೊಳ್ಳುತ್ತದೆ. ಗುಂಡಿಲ್ಲದೆ 700 ಗ್ರಾಂ, ಕೊಳವೆ 76 ಮಿಲಿಮೀಟರ್. ಇನ್ನು ‘ನಿಡರ್’ ಎಂಬ .22 ರಿವಾಲ್ವರು ಕೇವಲ 250 ಗ್ರಾಂ. ಖಾಸಗಿಯವರಲ್ಲಿ ಉತ್ತರ ಪ್ರದೇಶದ ಸಂಡೀಲಾದಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರಿನಲ್ಲಿಯೇ .32 ರಿವಾಲ್ವರು ತಯಾರಾಗುತ್ತಿದೆ. ಪಿಸ್ತೂಲಿನಲ್ಲಿ ಈಶಾಪುರದ ರೈಫಲ್ ಫ್ಯಾಕ್ಟರಿಯ ‘ಅಶನಿ’ ಇದೆ.

ಅಂಗಡಿಯಲ್ಲಿ ಎಲ್ಲರೂ ತೂಕದ ಬಗ್ಗೆಯೇ ಮಾತನಾಡುತ್ತಾರೆ. ನನ್ನ ಅನುಭವದಲ್ಲಿ ತೂಕಕ್ಕಿಂತ ದಪ್ಪ ಮುಖ್ಯ. ರಿವಾಲ್ವರಿನ ಆರು ಗುಂಡುಗಳ ಸಿಲಿಂಡರು ಸೊಂಟದ ಬಳಿ ಒಂದು ಗಂಟಿನಂತೆ ಉಬ್ಬಿ ನಿಲ್ಲುತ್ತದೆ. ನಿಂತು ಕೆಲಸ ಮಾಡುವವರಿಗೆ ಅದು ತೊಂದರೆಯಲ್ಲ. ನಾನು ದಿನದ ಬಹುಪಾಲು ನೆಲದಲ್ಲಿ ಪಟ್ಟಡಿಯ ಮುಂದೆ ಬಾಗಿ ಕುಳಿತುಕೊಳ್ಳುವವನು. ಅಂಗಡಿಯವರ ಅನುಮತಿ ಕೇಳಿ, ಖಾಲಿ ರಿವಾಲ್ವರನ್ನು ಹೋಲ್‌ಸ್ಟರಿನಲ್ಲಿ (ಸೊಂಟಕ್ಕೆ ಕಟ್ಟುವ ಆಯುಧದ ಒರೆ) ಸಿಕ್ಕಿಸಿಕೊಂಡು ನೆಲದ ಮೇಲೆ ಕುಳಿತು ನೋಡಿದೆ. ಅವರಿಗೆ ಇದು ವಿಚಿತ್ರವಾಗಿ ಕಂಡಿರಬೇಕು. ಎರಡನೆಯ ಪರೀಕ್ಷೆ ಟ್ರಿಗರಿನದು. ಹಿಂಬದಿಯ ಸುತ್ತಿಗೆಯನ್ನು (ಹ್ಯಾಮರ್) ಮೊದಲೇ ಎಳೆಯದೆ ನೇರವಾಗಿ ಟ್ರಿಗರ್ ಒತ್ತಿದರೆ ರಿವಾಲ್ವರು ದೀರ್ಘವಾದ, ಭಾರವಾದ ಎಳೆತ ಕೇಳುತ್ತದೆ. ಅದೇ ಅದರ ಸುರಕ್ಷತೆಯೂ ಹೌದು. ಮೂವತ್ತು ವರ್ಷ ಚಿಮಟ, ತಂತಿ ಹಿಡಿದ ನನ್ನ ತೋರುಬೆರಳ ಗೆಣ್ಣು ಈಗಾಗಲೇ ನೋಯುತ್ತಿರುವುದರಿಂದ, ತರಬೇತಿಯಲ್ಲಿ ಆ ಎಳೆತದ ಕೊನೆಯ ಘಟ್ಟದಲ್ಲಿ ಕೈ ನಡುಗಿ ಗುರಿ ಪಕ್ಕಕ್ಕೆ ಸರಿಯುತ್ತಿತ್ತು. ನಿಡರ್ ಹಗುರ, ನಿಜ, ಆದರೆ .22ನ್ನು ಪ್ರಾಣರಕ್ಷಣೆಗೆ ನಂಬಲು ತರಬೇತುದಾರರು ಒಪ್ಪಲಿಲ್ಲ.

ಪಿಸ್ತೂಲಿನ ಪರವಾಗಿ ಅದು ಚಪ್ಪಟೆ ಎಂಬುದಿತ್ತು, ಗುಂಡು ತುಂಬುವ ಮ್ಯಾಗಜಿನನ್ನು ಬೇರ್ಪಡಿಸಿ ಬೇರೆ ಬೀಗದಲ್ಲಿ ಇಡಬಹುದು ಎಂಬುದಿತ್ತು. ವಿರುದ್ಧವಾಗಿ ಇದ್ದುದೂ ಕಡಿಮೆಯಲ್ಲ. ಈ ಬಗೆಯ ಸಣ್ಣ ಪಿಸ್ತೂಲುಗಳಲ್ಲಿ ಗುಂಡಿನ ಒತ್ತಡವನ್ನು ತಡೆಯುವುದು ಸ್ಲೈಡಿನ (ಹಿಂದಕ್ಕೂ ಮುಂದಕ್ಕೂ ಜಾರುವ ಮೇಲ್ಭಾಗ) ಭಾರ ಮತ್ತು ಸ್ಪ್ರಿಂಗ್ ಮಾತ್ರ. ಆದ್ದರಿಂದ ಸ್ಪ್ರಿಂಗ್ ಬಿಗಿ, ಸ್ಲೈಡ್ ಹಿಂದಕ್ಕೆ ಎಳೆಯಲು ಎರಡನೆಯ ಕೈಗೆ ಬಲ ಬೇಕು. ರಿವಾಲ್ವರಿನಲ್ಲಿ ಒಂದು ತೋಟಾ ಸಿಡಿಯದಿದ್ದರೆ ಮತ್ತೊಮ್ಮೆ ಟ್ರಿಗರ್ ಒತ್ತಿದರಾಯಿತು. ಪಿಸ್ತೂಲಿನಲ್ಲಿ ಅದನ್ನು ಹೊರಹಾಕುವ ಅಭ್ಯಾಸ ಕೈಗೆ ಬಂದಿರಬೇಕು. ಚೇಂಬರಿನಲ್ಲಿ (ಕೊಳವೆಯ ಹಿಂತುದಿಯ ಗೂಡು) ಗುಂಡು ಇಟ್ಟುಕೊಂಡೇ ಓಡಾಡಬೇಕೆಂದು ವಾದಿಸುವವರಿದ್ದಾರೆ. ನಾನು ಚೇಂಬರ್ ಖಾಲಿ ಇಡುತ್ತೇನೆ. ಒಂದೆರಡು ಕ್ಷಣ ತಡವಾಗುತ್ತದೆ. ಗುಂಡಿಗಳಿರುವ ಪುಣೆಯ ರಸ್ತೆಗಳಲ್ಲಿ ಸ್ಕೂಟರ್ ಓಡಿಸುವವನು ಆ ತಡವನ್ನು ಒಪ್ಪಿಕೊಳ್ಳುವುದೇ ಸರಿ ಎಂದು ನನ್ನ ತೀರ್ಮಾನ. ಇಷ್ಟೆಲ್ಲ ತೂಗಿ ಅಶನಿಯನ್ನೇ ಕೊಂಡೆ. ತೆರಿಗೆ ಸೇರಿ ಒಂದೂವರೆ ಲಕ್ಷದ ಆಸುಪಾಸು ಆಯಿತು. ಕಬ್ಬಿಣದ ಲಾಕರು, ತರಬೇತಿ, ವೈದ್ಯರು, ಕಾಗದಪತ್ರ ಎಲ್ಲ ಸೇರಿದರೆ ಅದರ ಮೇಲೆ ಇನ್ನೂ ಸಾಕಷ್ಟು ಖರ್ಚು; ಸರ್ಕಾರಿ ಶುಲ್ಕ ಅದರಲ್ಲಿ ತೀರ ಸಣ್ಣ ಪಾಲು. ಕೊಂಡ ಕೂಡಲೇ ಮನೆಗೆ ತಂದು ಮರೆಯುವಂತಿಲ್ಲ. ಆಯುಧವನ್ನು ಪರವಾನಗಿ ಶಾಖೆಗೆ ಒಯ್ದು ತೋರಿಸಿ ನಂಬರು ದಾಖಲಿಸಿಕೊಳ್ಳಬೇಕು.

ತೋಟಾಗಳು ಪುಣೆಯವೇ. ಖಡ್ಕಿಯ ಮದ್ದುಗುಂಡು ಕಾರ್ಖಾನೆ 1869ರಿಂದ ಇದೆ, ಅದರ ‘ಕೆಎಫ್’ ಮುದ್ರೆ ದೇಶದ ಎಲ್ಲ ಲೈಸೆನ್ಸುದಾರರಿಗೂ ಪರಿಚಿತ. ಆದರೆ ಒಂದೊಂದಕ್ಕೆ ನೂರು ರೂಪಾಯಿಗೂ ಮೇಲೆ ಬೀಳುತ್ತದೆ, ನನ್ನ ಲೈಸೆನ್ಸಿನಲ್ಲಿ ಒಮ್ಮೆಗೆ 25, ವರ್ಷಕ್ಕೆ 50 ಎಂದು ಬರೆದಿದ್ದಾರೆ. ಅಭ್ಯಾಸಕ್ಕೆ ಇದು ಏನೇನೂ ಸಾಲದು. ಆದ್ದರಿಂದ ಖಾಲಿ ಪಿಸ್ತೂಲಿನಲ್ಲಿ, ಗುಂಡುಗಳು ಬೇರೆ ಕೋಣೆಯಲ್ಲಿರುವಾಗ, ಹಿಡಿತ ಮತ್ತು ಟ್ರಿಗರಿನ ಅಭ್ಯಾಸ ಮಾಡಿಕೊಳ್ಳುತ್ತೇನೆ.

ಬಚ್ಚಿಟ್ಟುಕೊಂಡು ಒಯ್ಯುವುದೇ ಅಪರಾಧವೆಂದು ಹಲವರು ತಿಳಿದಿದ್ದಾರೆ. ನಿಯಮ ಹೇಳುವುದು ತದ್ವಿರುದ್ಧ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಅದಕ್ಕೊಪ್ಪುವ ಚೀಲದಲ್ಲೋ ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಪ್ರದರ್ಶಿಸುವಂತಿಲ್ಲ. ಮದುವೆ ಮೆರವಣಿಗೆಯಲ್ಲಿ ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸಿದ್ಧ ಹೋಲ್‌ಸ್ಟರುಗಳು ನನ್ನ ಪಿಸ್ತೂಲಿಗೆ ಸಡಿಲವಾಗಿದ್ದುದರಿಂದ ಚರ್ಮದ ಕೆಲಸದವರಿಂದ ಅಳತೆಗೆ ಹೊಲಿಸಿದೆ. ಟ್ರಿಗರ್ ಪೂರ್ತಿ ಮುಚ್ಚಿರಬೇಕು ಎಂಬುದೊಂದೇ ನನ್ನ ಷರತ್ತು. ಅದಕ್ಕಿಂತ ಮುಖ್ಯ ಬೆಲ್ಟು. ತೆಳುವಾದ ಬೆಲ್ಟು ಮಧ್ಯಾಹ್ನದ ಹೊತ್ತಿಗೆ ಜೋಲುತ್ತದೆ. ಏಪ್ರಿಲಿನ ಬೆವರು ಚರ್ಮಕ್ಕೆ ಇಳಿದು ಉಕ್ಕಿಗೆ ತುಕ್ಕು ಹಿಡಿಸುವುದರಿಂದ ದಿನವೂ ರಾತ್ರಿ ಒರೆಸಿ ಎಣ್ಣೆ ಹಚ್ಚಬೇಕು. ಅಂಗಿಯನ್ನು ಒಳಗೆ ಸೇರಿಸುವ ಅಭ್ಯಾಸ ಬಿಟ್ಟು ಸಡಿಲ ಅರ್ಧತೋಳಿನ ಅಂಗಿಗೆ ಬದಲಾದೆ.

ಯಾರೂ ಮೊದಲು ಹೇಳದಿದ್ದ ಒಂದು ಸಂಗತಿ ಮೆಟ್ರೊ. ಸ್ವಾರಗೇಟಿನವರೆಗಿನ ಸುರಂಗ ಮಾರ್ಗ 2024ರ ಸೆಪ್ಟೆಂಬರಿನಲ್ಲಿ ತೆರೆದ ಮೇಲೆ, ಮಂಡಈ ನಿಲ್ದಾಣದಿಂದ ಚಿಂಚವಾಡದ ಕಡೆಗೆ ಮಾಲು ಒಯ್ಯಲು ಅದಕ್ಕಿಂತ ಸುರಕ್ಷಿತವಾದದ್ದು ನನಗೆ ಕಂಡಿರಲಿಲ್ಲ: ಕ್ಯಾಮೆರಾ, ತಪಾಸಣೆ, ಜನ. ಆದರೆ ಮೆಟ್ರೊದಲ್ಲಿ ಆಯುಧಕ್ಕೆ ಪ್ರವೇಶವಿಲ್ಲ. ಹೀಗಾಗಿ ಪಿಸ್ತೂಲು ಧರಿಸಿದ ದಿನ ಹೆಚ್ಚು ಅಪಾಯದ ರಸ್ತೆಯಲ್ಲೇ ಹೋಗಬೇಕು. ಈಗ ನಾನು ಚಿಂಚವಾಡಕ್ಕೆ ಪಿಸ್ತೂಲು ಲಾಕರಿನಲ್ಲಿಟ್ಟು ಮೆಟ್ರೊದಲ್ಲಿ ಹೋಗುತ್ತೇನೆ, ಪೇಠೆಗಳೊಳಗಿನ ಓಡಾಟಕ್ಕೆ, ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಮಾತ್ರ ಧರಿಸುತ್ತೇನೆ. ನಮ್ಮಂಥ ಉದ್ಯೋಗದವರು ಅರ್ಜಿ ಹಾಕುವ ಮೊದಲೇ ತಮ್ಮ ದಾರಿಗಳನ್ನು ಹೀಗೆ ಬರೆದು ನೋಡಿದರೆ, ಕೆಲವರಿಗೆ ಲೈಸೆನ್ಸಿನ ಅಗತ್ಯವೇ ಇಲ್ಲವೆಂದು ತಿಳಿಯಬಹುದು.

ಮನೆಯವಳು ಕೊನೆಯವರೆಗೂ ಪೂರ್ತಿ ಒಪ್ಪಿಲ್ಲ. ಲಾಕರನ್ನು ಗೋಡೆಗೆ ಬೋಲ್ಟ್ ಹಾಕಿ ಕೂರಿಸಬೇಕು, ಗುಂಡುಗಳಿಗೆ ಬೇರೆ ಪೆಟ್ಟಿಗೆ ಇರಬೇಕು, ಮಗಳಿಗೆ ಎರಡರ ಬೀಗದ ಕೈಯೂ ಗೊತ್ತಿರಬಾರದು ಎಂಬ ಅವಳ ಷರತ್ತುಗಳು ಸರ್ಕಾರದ ಮುಚ್ಚಳಿಕೆಗಿಂತ ಕಟ್ಟುನಿಟ್ಟಾಗಿವೆ, ಅದು ಒಳ್ಳೆಯದೇ.

ಊರಿಗೆ ಹೋಗುವವರು ಗಮನಿಸಬೇಕಾದದ್ದು ಗಡಿ. ಕಾಗಲ್ ದಾಟಿ ನಿಪ್ಪಾಣಿಗೆ ಕಾಲಿಟ್ಟರೆ ಮಹಾರಾಷ್ಟ್ರ ಮಾತ್ರ ಎಂದು ಬರೆದ ಲೈಸೆನ್ಸು ಅಲ್ಲಿ ಕೆಲಸಕ್ಕೆ ಬಾರದು, ಕಾರಿನ ಡಿಕ್ಕಿಯಲ್ಲಿಟ್ಟುಕೊಂಡೆ ಎಂಬ ಸಮಜಾಯಿಷಿಯೂ ನಡೆಯದು. ಶಿರಸಿಗೆ ಹೆಚ್ಚು ದಿನಕ್ಕೆ ಹೋಗುವಾಗ ಪರವಾನಗಿಯುಳ್ಳ ಅಂಗಡಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯುವುದೆಂದು ತೀರ್ಮಾನಿಸಿದ್ದೇನೆ, ಠಾಣೆಯಲ್ಲೂ ಇಡಬಹುದು. ಚುನಾವಣೆಯ ಕಾಲದಲ್ಲಿ ಜಮಾ ಮಾಡಲು ನೋಟಿಸು ಬಂದರೆ, ಜೀವಕ್ಕಿರುವ ಅಪಾಯವನ್ನು ತೋರಿಸಿ ವಿನಾಯಿತಿ ಕೋರಿ ಅರ್ಜಿ ಕೊಡಲು ಅವಕಾಶವಿದೆ, ಅದಕ್ಕೆ ಮೂಲ ಅರ್ಜಿಯ ಜೊತೆಗಿಟ್ಟ ಕಾರಣಗಳ ಹಾಳೆ ಮತ್ತು ದೂರಿನ ಪ್ರತಿಯನ್ನು ಜೋಪಾನ ಮಾಡಿಟ್ಟುಕೊಳ್ಳಿ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ ಕನಿಷ್ಠ 60 ದಿನ ಮೊದಲು ಹಾಕಬೇಕು, ಆಗಲೂ ಎಸ್-3ಕ್ಕಾಗಿ ವೈದ್ಯರನ್ನು ಹುಡುಕಬೇಕಾದೀತೆಂದು ಆ ಮನೋವೈದ್ಯರ ಫೋನ್ ನಂಬರನ್ನು ಲೈಸೆನ್ಸಿನ ಪ್ಲಾಸ್ಟಿಕ್ ಹೊದಿಕೆಯೊಳಗೇ ಬರೆದಿಟ್ಟಿದ್ದೇನೆ.